ಜಂತುಹುಳುಗಳು: ಗುಳಿಗೆಯ ಕೆಲಸವೂ ಮನೆಯವರ ಕೆಲಸವೂ

ಗೃಹಾರೋಗ್ಯದ ಈ ಪುಟಗಳಿಗೆ ಬಂದ ಪತ್ರಗಳಲ್ಲಿ ಶಿರಹಟ್ಟಿಯ ಕಡೆಯ ಒಬ್ಬ ತಾಯಿಯವರ ಪತ್ರವು ಈ ತಿಂಗಳ ವಿಷಯವನ್ನು ಗೊತ್ತುಮಾಡಿತು. ಅವರ ಏಳು ವರ್ಷದ ಮಗನಿಗೆ ಶಾಲೆಯಲ್ಲಿ ಜಂತುಹುಳುವಿನ ಗುಳಿಗೆಯನ್ನು ಕೊಟ್ಟರಂತೆ. ಒಂದೆರಡು ದಿನಗಳಲ್ಲಿ ಹುಳುಗಳು ಬಿದ್ದವು. ಹುಡುಗನ ಹೊಟ್ಟೆನೋವು ನಿಂತಿತು. ಆದರೆ ಎಂಟು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹುಳುಗಳು ಕಾಣಿಸಿಕೊಂಡವು. “ಗುಳಿಗೆಯಲ್ಲಿ ಸತ್ವವಿಲ್ಲವೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಮುಂದಿನ ಸಲ ಮಗುವಿಗೆ ಅದನ್ನು ಕೊಡಿಸಬೇಕೋ ಬೇಡವೋ?” ಎಂದು ಅವರು ಕೇಳಿರುತ್ತಾರೆ.

ಈ ಪ್ರಶ್ನೆಯು ಒಂದೇ ಮನೆಯದಲ್ಲ. ಗದಗ-ಬೆಟಗೇರಿಯ ಓಣಿಗಳಲ್ಲಿಯೂ, ಲಕ್ಷ್ಮೇಶ್ವರ, ಮುಂಡರಗಿಗಳ ಹಳ್ಳಿಗಳಲ್ಲಿಯೂ ಇದೇ ಮಾತು ಕೇಳಬರುತ್ತದೆ. ಗುಳಿಗೆಯ ಮೇಲೆ ಇಟ್ಟ ವಿಶ್ವಾಸವು ಒಮ್ಮೆ ಹೋಯಿತೆಂದರೆ ಮಗುವಿಗೆ ಸಿಗತಕ್ಕ ಒಂದು ಉಪಕಾರವೂ ತಪ್ಪುವದು. ಆದಕಾರಣ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗುಳಿಗೆಯನ್ನು ಅವಶ್ಯವಾಗಿ ಕೊಡಿಸಬೇಕು. ಹುಳುಗಳು ಬಿದ್ದುದೇ ಅದರಲ್ಲಿ ಸತ್ವವಿದೆಯೆಂಬುದಕ್ಕೆ ಸಾಕ್ಷಿ. ಆದರೆ ಗುಳಿಗೆಯು ಇಂದು ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲಬಲ್ಲುದೇ ಹೊರತು, ನಾಳೆ ಬಾಯಿಗೆ ಹೋಗಲಿರುವ ತತ್ತಿಯನ್ನು ತಡೆಯಲಾರದು.

ನಮ್ಮ ಪೂರ್ವಿಕರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಕೃಮಿಗಳನ್ನು ಇಪ್ಪತ್ತು ಬಗೆಯಾಗಿ ಎಣಿಸಿ, ಅವುಗಳ ಚಿಕಿತ್ಸೆಯನ್ನು ಮೂರು ಭಾಗ ಮಾಡಿದೆ. ಮೊದಲನೆಯದು ಅಪಕರ್ಷಣ, ಅಂದರೆ ಇದ್ದ ಹುಳುವನ್ನು ಎಳೆದು ಹೊರಹಾಕುವದು. ಎರಡನೆಯದು ಪ್ರಕೃತಿವಿಘಾತ, ಅಂದರೆ ಹುಳುವಿನ ಬಾಳುವೆಗೆ ದೇಹದಲ್ಲಿ ಅನುಕೂಲವಾದ ಸ್ಥಿತಿಯನ್ನು ಕೆಡಿಸುವದು. ಮೂರನೆಯದು ನಿದಾನಪರಿವರ್ಜನ, ಅಂದರೆ ಹುಳುವಾಗಲು ಯಾವದು ಕಾರಣವೋ ಅದನ್ನು ದೂರ ಮಾಡುವದು. ಆ ಕಾಲಕ್ಕೆ ಸೂಕ್ಷ್ಮದರ್ಶಕವಿರಲಿಲ್ಲ. ಕಣ್ಣಿಗೆ ಕಾಣದ ತತ್ತಿಯನ್ನು ಅವರು ನೋಡಲಾರರು. ಆದುದರಿಂದ ಅವರು ಎಣಿಸಿದ ಕಾರಣಗಳೆಲ್ಲ ಇಂದಿನ ಶಾಸ್ತ್ರಕ್ಕೆ ಒಪ್ಪುವದಿಲ್ಲ. ಆದರೆ ಆ ವಿಭಾಗವು ಇಂದಿಗೂ ಸರಿಯಾಗಿಯೇ ಇದೆ. ಶಾಲೆಯ ಗುಳಿಗೆಯು ಹುಳುವನ್ನು ಕೊಂದು ಹೊರಹಾಕುವ ಕೆಲಸವನ್ನು ಮಾಡುತ್ತದೆ. ಮೂರನೆಯ ಭಾಗವನ್ನು ಮಾಡತಕ್ಕವರು ಮನೆಯವರು. ಅದಕ್ಕೆ ಯಾವ ಅಂಗಡಿಯಲ್ಲಿಯೂ ಗುಳಿಗೆ ದೊರೆಯುವದಿಲ್ಲ.

ಹುಳುಗಳ ಪರಿಚಯ

ಮಣ್ಣಿನ ಮೂಲಕ ಹರಡುವ ಜಂತುಹುಳುಗಳಿಂದ ಜಗತ್ತಿನಲ್ಲಿ ಸುಮಾರು ೧೫೦ ಕೋಟಿ ಜನರು ಪೀಡಿತರಾಗಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವುಗಳಲ್ಲಿ ಮುಖ್ಯವಾದವು ಮೂರು: ದುಂಡುಹುಳು, ಕೊಕ್ಕೆಹುಳು, ಚಾವಟಿಹುಳು.

ದುಂಡುಹುಳುವು ಎರೆಹುಳುವಿನಂತೆ ತೋರುವದು. ಬಣ್ಣ ಮಾತ್ರ ಬಿಳುಪು. ಉದ್ದವು ಒಂದು ಗೇಣಿನ ಆಸುಪಾಸು. ಕೆಲವು ೩೫ ಸೆಂಟಿಮೀಟರವರೆಗೂ ಬೆಳೆಯುವವು. ಒಂದು ಹೆಣ್ಣು ಹುಳು ದಿನಕ್ಕೆ ಎರಡು ಲಕ್ಷದವರೆಗೆ ತತ್ತಿಗಳನ್ನಿಡುವದು. ಈ ತತ್ತಿಯು ಮಲದೊಡನೆ ಹೊರಬಿದ್ದ ಕೂಡಲೆ ರೋಗವನ್ನು ತರಲಾರದು. ಹಸಿಯಾದ ಮಣ್ಣಿನಲ್ಲಿ ಎರಡು ಮೂರು ವಾರ ಬೆಳೆದ ಮೇಲೆಯೇ ಅದಕ್ಕೆ ಆ ಶಕ್ತಿ ಬರುವದು. ಹುಳುವಿನ ತವರುಮನೆಯು ಮನುಷ್ಯನ ಹೊಟ್ಟೆಯಾದರೆ ಅದರ ಪಾಠಶಾಲೆಯು ನಮ್ಮ ಹಿತ್ತಲಿನ ನೆಲವೆನ್ನಬಹುದು. ಬೆಳೆದ ತತ್ತಿಯು ಕೈಯಿಂದಲೋ, ಕಾಯಿಪಲ್ಲೆಯಿಂದಲೋ, ನೀರಿನಿಂದಲೋ ಬಾಯಿಗೆ ಸೇರಿದರೆ ಕರುಳಿನಲ್ಲಿ ಮರಿಯಾಗುವದು. ಆ ಮರಿಯು ಕರುಳನ್ನು ಕೊರೆದು ರಕ್ತದೊಡನೆ ಯಕೃತ್ತಿಗೂ ಅಲ್ಲಿಂದ ಶ್ವಾಸಕೋಶಕ್ಕೂ ಹೋಗಿ, ಗಂಟಲಿಗೆ ಏರಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಬಂದು ನೆಲೆಸುವದು. ಮೊದಲು ನುಂಗಿದ ದಿನದಿಂದ ಅದು ತತ್ತಿಯಿಡುವ ವರೆಗೆ ಎರಡು ಮೂರು ತಿಂಗಳು ಬೇಕು. ಪತ್ರ ಬರೆದ ತಾಯಿಯವರ ಮಗನಲ್ಲಿ ಎಂಟು ತಿಂಗಳಿಗೆ ಕಂಡ ಹುಳುವು ಹಳೆಯದು ಉಳಿದುದಾಗಿರುವದಕ್ಕಿಂತ ಹೊಸದಾಗಿ ಹೊಕ್ಕುದಾಗಿರುವ ಸಂಭವವೇ ಹೆಚ್ಚೆಂಬುದು ಇದರಿಂದ ತಿಳಿಯುವದು. ಹಲವು ದೇಶಗಳಲ್ಲಿ ನಡೆದ ಪರಿಶೀಲನೆಗಳಲ್ಲಿಯೂ ಇದೇ ಕಂಡುಬಂದಿದೆ: ಔಷಧವನ್ನು ಕೊಟ್ಟು ಉಳಿದುದೆಲ್ಲವನ್ನೂ ಮೊದಲಿನಂತೆಯೇ ಬಿಟ್ಟರೆ, ಒಂದು ವರ್ಷದೊಳಗೆ ಊರಿನಲ್ಲಿ ದುಂಡುಹುಳುವಿನ ಪ್ರಮಾಣವು ಹೆಚ್ಚು ಕಡಿಮೆ ಮೊದಲಿನ ಮಟ್ಟಕ್ಕೇ ಬರುವದು.

ಕೊಕ್ಕೆಹುಳುವು ಒಂದು ಸೆಂಟಿಮೀಟರಿನಷ್ಟೇ ಉದ್ದ. ಗಾತ್ರದಲ್ಲಿ ಕಿರಿದಾದರೂ ಕೇಡಿನಲ್ಲಿ ಹಿರಿದು. ಅದು ಕರುಳಿನ ಗೋಡೆಯನ್ನು ಕಚ್ಚಿಕೊಂಡು ರಕ್ತವನ್ನು ಹೀರುವದು. ಅದು ನಮ್ಮ ದೇಹವನ್ನು ಹೊಕ್ಕುವ ದಾರಿಯು ಮುಖ್ಯವಾಗಿ ಬಾಯಿಯಲ್ಲ, ಬರಿಗಾಲು. ಮಲದಲ್ಲಿಯ ತತ್ತಿಯು ಹಸಿ ಮಣ್ಣಿನಲ್ಲಿ ಒಂದೆರಡು ದಿನದಲ್ಲಿ ಒಡೆದು, ಐದರಿಂದ ಹತ್ತು ದಿನದಲ್ಲಿ ಕಣ್ಣಿಗೆ ಕಾಣದಂಥ ಮರಿಯಾಗಿ, ಮೇಲೆ ಕಾಲಿಟ್ಟವರ ಚರ್ಮವನ್ನು ಕೊರೆದು ಒಳಹೊಗುವದು. ಈ ಸಂಗತಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೈರೋ ನಗರದಲ್ಲಿದ್ದ ಲೂಸ್ ಎಂಬ ಜರ್ಮನ್ ಪಂಡಿತನಿಂದ ಬೆಳಕಿಗೆ ಬಂದಿತು. ಮರಿಗಳಿದ್ದ ನೀರು ಅಕಸ್ಮಾತ್ತಾಗಿ ಅವನ ಕೈಮೇಲೆ ಚೆಲ್ಲಿತು. ಆ ಜಾಗದಲ್ಲಿ ಕೆರೆತವೆದ್ದಿತು. ಕೆಲವು ವಾರಗಳ ತರುವಾಯ ಅವನ ಮಲದಲ್ಲಿಯೇ ಕೊಕ್ಕೆಹುಳುವಿನ ತತ್ತಿಗಳು ಕಂಡವು. ಗಟ್ಟಿಯಾಗಿ ಒಣಗಿ ಬಿರಿಯುವ ನಮ್ಮ ಎರೆಮಣ್ಣು ಈ ಮರಿಗಳಿಗೆ ಅಷ್ಟು ಒಗ್ಗದು. ಸಡಿಲಾದ, ತಂಪಾದ, ನೆರಳಿರುವ ಮಸಾರಿ ಮಣ್ಣೂ ನೀರುಣಿಸುವ ತೋಟಗಳೂ ಒಗ್ಗುವವು. ಕಪ್ಪತಗುಡ್ಡದ ಸುತ್ತಿನ ಮಸಾರಿ ಹೊಲಗಳಲ್ಲಿಯೂ, ಉಳ್ಳಾಗಡ್ಡಿ ಮಡಿಗಳಲ್ಲಿಯೂ ಮಳೆಗಾಲದಲ್ಲಿ ಬರಿಗಾಲಿನಿಂದ ಕಳೆ ತೆಗೆಯುವ ಹೆಣ್ಣುಮಕ್ಕಳು ಇದನ್ನು ನೆನಪಿನಲ್ಲಿಡಬೇಕು.

ಚಾವಟಿಹುಳುವು ಮೂರರಿಂದ ಐದು ಸೆಂಟಿಮೀಟರ ಉದ್ದವಿದ್ದು ದೊಡ್ಡ ಕರುಳಿನಲ್ಲಿ ಬಾಳುವದು. ಇದರ ತತ್ತಿಯೂ ಮಣ್ಣಿನಲ್ಲಿ ಬೆಳೆದು ಬಾಯಿಯಿಂದ ಸೇರುವದು.

ಇವಲ್ಲದೆ ಸೂಜಿಹುಳುವೆಂಬುದೊಂದುಂಟು. ನೂಲಿನ ತುಂಡಿನಂಥ ಈ ಬಿಳಿಯ ಹುಳುವಿಗೆ ಮಣ್ಣಿನ ಹಂಗು ಬೇಡ. ರಾತ್ರಿ ಮಗು ಮಲಗಿದಾಗ ಹೆಣ್ಣು ಹುಳುವು ಗುದದ್ವಾರದ ಸುತ್ತಲೂ ತತ್ತಿಯಿಡುವದು, ಮಗು ಕೆರೆದುಕೊಳ್ಳುವದು, ತತ್ತಿಯು ಉಗುರಿನ ಸಂದಿಯಿಂದ ಬಾಯಿಗೂ, ಹಾಸಿಗೆಯಿಂದ ಪಕ್ಕದವರಿಗೂ ಹೋಗುವದು. ಕೆಲವೇ ತಾಸುಗಳಲ್ಲಿ ಆ ತತ್ತಿಯು ರೋಗ ತರಲು ಸಿದ್ಧವಾಗುವದರಿಂದ ಒಂದು ಮಗುವಿಗೆ ಬಂದುದು ಬೇಗನೆ ಮನೆಗೆಲ್ಲ ಬರುವದು.

ಇನ್ನು ಲಾಡಿಹುಳು. ಸರಿಯಾಗಿ ಬೇಯದ ಹಂದಿಯ ಅಥವಾ ದನದ ಮಾಂಸದಿಂದ ಇದು ಹೊಟ್ಟೆಯನ್ನು ಸೇರಿ ಹಲವು ಮೀಟರ ಉದ್ದಕ್ಕೆ ಬೆಳೆಯುವದು. ಮಲದಲ್ಲಿ ಲಾಡಿಯ ತುಣುಕುಗಳಂತೆ ಕಾಣಿಸುವದು. “ನಾವು ಶಾಕಾಹಾರಿಗಳು, ನಮಗೆ ಇದರ ಭಯವಿಲ್ಲ” ಎಂದು ಯಾರೂ ನಿಶ್ಚಿಂತರಾಗಬಾರದು. ಹಂದಿಯ ಲಾಡಿಹುಳುವನ್ನು ಹೊಟ್ಟೆಯಲ್ಲಿ ಹೊತ್ತ ಮನುಷ್ಯನ ಮಲದಿಂದ ಅದರ ತತ್ತಿಯು ಕಾಯಿಪಲ್ಲೆಗೂ ನೀರಿಗೂ ಅಡಿಗೆ ಮಾಡುವವರ ಕೈಗೂ ಅಂಟಬಹುದು. ಅಂಥ ತತ್ತಿಯನ್ನು ನುಂಗಿದವರ ದೇಹದಲ್ಲಿ, ಕೆಲವೊಮ್ಮೆ ಮೆದುಳಿನಲ್ಲಿಯೇ, ಮರಿಗಳು ಕೋಶ ಕಟ್ಟಿಕೊಂಡು ಕೂಡುವವು. ಅದರಿಂದ ಅಪಸ್ಮಾರ, ಅಂದರೆ ಫಿಟ್ಸ್ ಬರುವದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ಇಂಥ ರೋಗಿಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುತ್ತಾರೆ. ಎಂದೂ ಮಾಂಸವನ್ನು ಮುಟ್ಟದವರೂ ಇಂಥ ರೋಗಿಗಳಾಗಬಲ್ಲರು.

ಗುರುತಿಸುವ ಬಗೆ

ಹುಳುಗಳು ಕೆಲವೇ ಇದ್ದರೆ ಯಾವ ಲಕ್ಷಣವೂ ತೋರುವದಿಲ್ಲ. ಹೆಚ್ಚಾದಾಗ ಹೊಕ್ಕುಳಿನ ಸುತ್ತ ನೋವು, ಹಸಿವಿನ ಏರುಪೇರು, ಹೊಟ್ಟೆಯ ಉಬ್ಬರ, ಮಗುವು ಉಂಡರೂ ಮೈಗೂಡದಿರುವದು ಇವು ಕಾಣುವವು. ಕೊಕ್ಕೆಹುಳುವಿನ ಲಕ್ಷಣವು ರಕ್ತಹೀನತೆ. ಕೆಳಗಿನ ಕಣ್ಣುರೆಪ್ಪೆಯ ಒಳಭಾಗವೂ ನಾಲಿಗೆಯೂ ಉಗುರುಗಳೂ ಬಿಳಿಚುವವು. ನಾಲ್ಕು ಮೆಟ್ಟಲು ಹತ್ತಿದರೆ ಏದುಸಿರು ಬರುವದು. ಮಣ್ಣು, ಸೀಮೆಸುಣ್ಣ, ಗೋಡೆಯ ಸುಣ್ಣ ಇವುಗಳನ್ನು ತಿನ್ನುವ ಚಪಲವಾಗುವದು. ಶಾಲೆಯ ಹಿಂದಿನ ಸಾಲಿನಲ್ಲಿ ತೂಕಡಿಸುವ ಹುಡುಗನನ್ನು ಆಲಸಿಯೆಂದು ಗದರಿಸುವ ಮೊದಲು ಅವನ ಕಣ್ಣುರೆಪ್ಪೆಯನ್ನು ನೋಡಬೇಕು. ಬುದ್ಧಿಯಲ್ಲಿ ಕೊರತೆಯಿಲ್ಲದೆ ರಕ್ತದಲ್ಲಿ ಕೊರತೆಯಿರುವ ಮಕ್ಕಳು ನಮ್ಮ ಶಾಲೆಗಳಲ್ಲಿ ಹಲವರುಂಟು. ರಾತ್ರಿ ಗುದದ್ವಾರದಲ್ಲಿ ನವೆಯಾಗುವದು ಸೂಜಿಹುಳುವಿನ ಗುರುತು. ಮಗು ಮಲಗಿ ಎರಡು ತಾಸಿನ ಮೇಲೆ ದೀಪ ಹಿಡಿದು ನೋಡಿದರೆ ಹುಳುಗಳೇ ಕಾಣಬಹುದು.

ಎರಡು ತಿಳಿವಳಿಕೆಗಳನ್ನು ತಿದ್ದುವದು ಅವಶ್ಯ. ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿಗೆ ಹುಳುವಾಗಿದೆಯೆಂದು ಹಿರಿಯರು ನಿಶ್ಚಯಿಸುವರು. ಹಲ್ಲು ಕಡಿಯುವದು ಹುಳುವಿಗೆ ಪ್ರಮಾಣವಲ್ಲ. ಅದರಂತೆ ಬೆಲ್ಲ ತಿಂದರೆ ಹುಳುವಾಗುವದೆಂಬ ಮಾತು. ಹಳೆಯ ಗ್ರಂಥಗಳು ಬೆಲ್ಲವನ್ನು ಕಾರಣಗಳಲ್ಲಿ ಎಣಿಸಿರುವದೇನೋ ನಿಜ. ಆದರೆ ತತ್ತಿಯು ಅಥವಾ ಮರಿಯು ಹೊರಗಿನಿಂದ ಬಾರದೆ ಹುಳುವು ಹುಟ್ಟದು. ದೋಷವು ಬೆಲ್ಲದ್ದಲ್ಲ, ಬೆಲ್ಲ ಹಿಡಿದ ಕೈಯದು.

ಸಂಶಯವಿದ್ದಲ್ಲಿ ಮಲಪರೀಕ್ಷೆ ಮಾಡಿಸಬೇಕು. ಮೂತ್ರ, ಮಣ್ಣು ಬೆರೆಯದಂತೆ ಸ್ವಚ್ಛವಾದ ಡಬ್ಬಿಯಲ್ಲಿ ಸ್ವಲ್ಪ ಮಲವನ್ನು ಒಯ್ದು ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ತತ್ತಿಯನ್ನು ನೋಡಿ ಹುಳುವಿನ ಜಾತಿಯನ್ನು ಹೇಳುವರು. ಆಮ, ರಕ್ತ ಬೀಳುವ ಭೇದಿಗೂ, ಬಹುದಿನ ನಿಲ್ಲದ ಭೇದಿಗೂ ಅಮೀಬಾ, ಗಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳು ಕಾರಣವಾಗಿರಬಹುದು. ಅವುಗಳ ಔಷಧವೇ ಬೇರೆ. ಶಾಲೆಯ ಒಂದು ಗುಳಿಗೆಯಿಂದ ಅವು ಹೋಗುವವೆಂದು ನೆಚ್ಚಬಾರದು.

ಚಿಕಿತ್ಸೆ

ಭಾರತ ಸರಕಾರವು ೨೦೧೫ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆರಂಭಿಸಿತು. ಒಂದರಿಂದ ಹತ್ತೊಂಬತ್ತು ವರ್ಷದ ಮಕ್ಕಳಿಗೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಅಲ್ಬೆಂಡಜೋಲ್ ಎಂಬ ಗುಳಿಗೆಯನ್ನು ಉಚಿತವಾಗಿ ಕೊಡುವರು. ಇದಕ್ಕೆ ಫೆಬ್ರುವರಿ ೧೦ ಮತ್ತು ಆಗಸ್ಟ್ ೧೦ ಎಂದು ದಿನಗಳನ್ನು ಗೊತ್ತುಮಾಡಿದೆ. ದಿನವು ಹಿಂದುಮುಂದಾಗುವದೂ ಉಂಟಾದುದರಿಂದ ಶಾಲೆಯಲ್ಲಿ ಮೊದಲೇ ವಿಚಾರಿಸುವದು ಲೇಸು. ಆ ದಿನ ತಪ್ಪಿದ ಮಕ್ಕಳಿಗಾಗಿ ಒಂದು ವಾರದ ತರುವಾಯ ಮತ್ತೊಂದು ದಿನವಿರುವದು. ಎರಡು ವರ್ಷ ತುಂಬಿದವರಿಗೆ ೪೦೦ ಮಿಲಿಗ್ರಾಂನ ಒಂದು ಇಡೀ ಗುಳಿಗೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ. ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ನುಂಗಬೇಕು. ಸಣ್ಣವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಅಳುವ ಮಗುವಿನ ಮೂಗು ಹಿಡಿದು ಬಾಯಿಗೆ ತುರುಕಬಾರದು, ಗಂಟಲಿಗೆ ಸಿಕ್ಕೀತು. ಜ್ವರ ಮೊದಲಾದ ಬೇನೆಯಿದ್ದ ಮಗುವಿಗೆ ಗುಣವಾದ ಮೇಲೆ ಕೊಡಿಸಬೇಕು.

“ಪರೀಕ್ಷೆಯಿಲ್ಲದೆ ಎಲ್ಲರಿಗೂ ಔಷಧವೇಕೆ?” ಎಂದು ಕೆಲವರು ಕೇಳುವರು. ಪ್ರತಿಯೊಂದು ಮಗುವಿನ ಮಲಪರೀಕ್ಷೆಗೆ ತಗಲುವ ವೆಚ್ಚ ಶ್ರಮಗಳು ಗುಳಿಗೆಯದಕ್ಕಿಂತ ಬಹಳ ಹೆಚ್ಚು. ಗುಳಿಗೆಯಾದರೋ ಹುಳುವಿಲ್ಲದವರಿಗೂ ಸಾಮಾನ್ಯವಾಗಿ ಅಪಾಯ ಮಾಡದು. ಹುಳು ಹೆಚ್ಚಾಗಿದ್ದ ಮಗುವಿಗೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು, ತಲೆನೋವು ಬರಬಹುದು, ಬೇಗನೆ ಶಮನವಾಗುವದು. ಒಂದೇ ಗುಳಿಗೆಯಿಂದ ದುಂಡುಹುಳುವು ನೂರರಲ್ಲಿ ಸುಮಾರು ೯೫ ಜನರಲ್ಲಿ, ಕೊಕ್ಕೆಹುಳುವು ಸುಮಾರು ೮೦ ಜನರಲ್ಲಿ ಪೂರ್ತಿಯಾಗಿ ಹೋಗುವದು. ಚಾವಟಿಹುಳುವು ಹಟಮಾರಿ, ಅದು ಸುಮಾರು ೩೦ ಜನರಲ್ಲಿ ಮಾತ್ರ ಹೋಗುವದು. ಅಂಥವರಿಗೆ ವೈದ್ಯರು ಹೆಚ್ಚು ದಿನಗಳ ಔಷಧ ಕೊಡುವರು. ಸೂಜಿಹುಳುವಿಗೆ ಮನೆಯವರೆಲ್ಲರೂ ವೈದ್ಯರ ಸಲಹೆಯಂತೆ ಒಂದೇ ದಿನ ಔಷಧ ತೆಗೆದುಕೊಂಡು ಎರಡು ವಾರದ ಮೇಲೆ ಮತ್ತೊಮ್ಮೆ ತೆಗೆದುಕೊಳ್ಳಬೇಕು. ಲಾಡಿಹುಳುವಿನ ಚಿಕಿತ್ಸೆಯನ್ನು ವೈದ್ಯರ ಕೈಯಿಂದಲೇ ಮಾಡಿಸಬೇಕು. ಫಿಟ್ಸ್ ಬರುವವರು ಸ್ವಂತ ಬುದ್ಧಿಯಿಂದ ಯಾವ ಹುಳುವಿನ ಔಷಧವನ್ನೂ ನುಂಗಬಾರದು. ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ಈ ಗುಳಿಗೆಯನ್ನು ಮುಟ್ಟಬಾರದು. ಮುಂದೆಯೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮನೆಮದ್ದಿನ ವಿಷಯವನ್ನು ಹೇಳದಿದ್ದರೆ ಅಜ್ಜಿಯಂದಿರು ಒಪ್ಪಲಾರರು. ಅಜವಾನವು ಹುಳುವಿಗೆ ಮದ್ದೆಂಬುದು ನಮ್ಮ ಅಡಿಗೆಮನೆಯ ಹಳೆಯ ಮಾತು. ಅದರಲ್ಲಿ ಹುರುಳಿಲ್ಲದಿಲ್ಲ. ೧೯೦೯ರಲ್ಲಿ ಅಮೇರಿಕೆಯ ದಕ್ಷಿಣ ಪ್ರಾಂತಗಳಲ್ಲಿ ಕೊಕ್ಕೆಹುಳುವನ್ನು ನಿರ್ಮೂಲ ಮಾಡಲು ರಾಕ್‌ಫೆಲ್ಲರ್ ಎಂಬ ಧನಿಕನ ಹಣದಿಂದ ಒಂದು ಮಂಡಳವು ಸ್ಥಾಪಿತವಾಯಿತು. ಅಲ್ಲಿಯ ಶಾಲೆಯ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ೪೦ ಜನರಿಗೆ ಈ ಹುಳುವಿದ್ದುದು ಕಂಡುಬಂದಿತು. ಅವರಿಗೆ ಕೊಟ್ಟ ಮುಖ್ಯ ಔಷಧವು ಥೈಮೋಲ್. ಅದೇ ಅಜವಾನದ ಸತ್ವ. ಚಿಕಿತ್ಸೆಯಾದ ಮೇಲೆ, ಮೊದಲು ಹುಳು ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಶಾಲೆಯ ಹಾಜರಿಯೂ ಓದು ಬರಹವೂ ಹೆಚ್ಚಿದವು. ಆದರೆ ಅಲ್ಲಿ ಬಳಸಿದುದು ಗ್ರಾಂ ಲೆಕ್ಕದಲ್ಲಿ ತೂಗಿದ ಶುದ್ಧ ಸತ್ವ; ವೈದ್ಯರ ಕಾವಲಿನಲ್ಲಿ ಕೊಡತಕ್ಕ ಉಗ್ರವಾದ ವಸ್ತು. ಚಿಟಿಕೆ ಅಜವಾನವು ಅಜೀರ್ಣಕ್ಕೆ ಹಿತವಾದೀತು, ಹುಳುವನ್ನು ಕೆಡವಲಾರದು. ವಾಯುವಿಳಂಗ, ಮುತ್ತಲದ ಬೀಜ ಇವು ಆಯುರ್ವೇದದಲ್ಲಿ ಪ್ರಸಿದ್ಧವಾದ ಕೃಮಿಘ್ನಗಳು. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡದ ನೆರೆಯಲ್ಲಿರುವ ನಮಗೆ ಇಂಥ ಮೂಲಿಕೆಗಳು ದೂರದವಲ್ಲ. ಆದರೂ ಮಾತ್ರೆಯ ಪ್ರಮಾಣವನ್ನು ಅರಿತ ವೈದ್ಯರನ್ನು ಕೇಳದೆ ಕೊಡಬಾರದು. ಔಡಲೆಣ್ಣೆಯು ಹೊಟ್ಟೆಯನ್ನು ಸಡಿಲಿಸುವದೇ ಹೊರತು ಹುಳುವನ್ನು ಕೊಲ್ಲದು.

ಒಂದು ಎಚ್ಚರಿಕೆ. ದುಂಡುಹುಳುಗಳು ಬಹಳವಾದಾಗ ಉಂಡೆಗಟ್ಟಿ ಕರುಳನ್ನು ಮುಚ್ಚುವದುಂಟು. ಮಗುವಿಗೆ ಹೊಟ್ಟೆಯಲ್ಲಿ ಕಠಿಣವಾದ ನೋವು, ಮೇಲಿಂದ ಮೇಲೆ ವಾಂತಿ, ಹೊಟ್ಟೆ ಬಿಗಿದು ಉಬ್ಬುವದು, ಮಲವೂ ವಾಯುವೂ ಹೋಗದಿರುವದು ಇವು ಕಂಡರೆ ಔಡಲೆಣ್ಣೆಯನ್ನಾಗಲಿ ಹುಳುವಿನ ಗುಳಿಗೆಯನ್ನಾಗಲಿ ಕೊಡಬಾರದು. ಕ್ಷಣವೂ ತಡಮಾಡದೆ ದೊಡ್ಡ ದವಾಖಾನೆಗೆ ಒಯ್ಯಬೇಕು.

ನಿದಾನಪರಿವರ್ಜನ

ಔಷಧವಿಲ್ಲದೆಯೇ ಒಂದು ಹುಳುವನ್ನು ದೇಶದಿಂದ ಓಡಿಸಬಹುದೇ? ಓಡಿಸಿದ್ದೇವೆ. ನಾರುಹುಣ್ಣೆಂಬ ರೋಗವನ್ನು ನಮ್ಮ ಸೀಮೆಯ ಹಿರಿಯರು ಮರೆತಿರಲಾರರು. ಕುಡಿಯುವ ನೀರಿನಲ್ಲಿಯ ಅತಿ ಸಣ್ಣ ಜೀವಿಯೊಂದರ ಒಡಲಲ್ಲಿ ಸೇರಿ ಇದರ ಮರಿಯು ಹೊಟ್ಟೆಗೆ ಹೋಗುವದು. ಒಂದು ವರ್ಷದ ತರುವಾಯ, ಮೀಟರಿನಷ್ಟು ಉದ್ದವಾದ ಹುಳುವಾಗಿ ಕಾಲಿನಲ್ಲಿ ಬೊಬ್ಬೆಯೆಬ್ಬಿಸಿ ಹೊರಬರುವದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟು ಎಳೆಯುವದೊಂದೇ ಉಪಾಯ. ಆ ಉರಿಯನ್ನು ತಣಿಸಲು ರೋಗಿಯು ಮೆಟ್ಟಿಲು ಬಾವಿಯಲ್ಲಿ ಕಾಲಿಟ್ಟರೆ ಹುಳುವು ನೀರಿನಲ್ಲಿ ಸಾವಿರಾರು ಮರಿಗಳನ್ನು ಹಾಕುವದು. ಅದೇ ನೀರನ್ನು ಊರೆಲ್ಲ ಕುಡಿಯುವದು. ಕರ್ನಾಟಕವೂ ಈ ರೋಗವಿದ್ದ ರಾಜ್ಯಗಳಲ್ಲೊಂದು. ಇದಕ್ಕೆ ಔಷಧವಿಲ್ಲ, ಲಸಿಕೆಯೂ ಇಲ್ಲ. ೧೯೮೦ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿತು. ನೀರನ್ನು ಬಟ್ಟೆಯಿಂದ ಸೋಸಲು ಕಲಿಸಿತು. ಹುಣ್ಣಾದವರನ್ನು ನೀರಿಗಿಳಿಯದಂತೆ ತಡೆಯಿತು. ಬಾವಿಗೆ ಮದ್ದು ಹಾಕಿತು. ೧೯೯೬ರ ಜುಲೈದಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ಕೊನೆಯವನು. ೨೦೦೦ದ ಫೆಬ್ರುವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ನಿದಾನಪರಿವರ್ಜನವು ಬರಿಯ ಗ್ರಂಥದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವು ಬೇಕಿಲ್ಲ.

ಹಾಗಾದರೆ ನಮ್ಮ ಮನೆಗಳಲ್ಲಿ ಮಾಡತಕ್ಕದ್ದೇನು?

ಮೊದಲನೆಯದಾಗಿ, ಕೂಸಿನ ಮಲ. ಇದಕ್ಕೆ ದೋಷವಿಲ್ಲವೆಂದು ನಮ್ಮಲ್ಲಿ ಬಹುಜನರ ಭಾವನೆ. ಹಿರಿಯರು ಶೌಚಾಲಯಕ್ಕೆ ಹೋಗುವ ಮನೆಗಳಲ್ಲಿಯೂ ಮಕ್ಕಳನ್ನು ಗಟಾರದ ಅಂಚಿನಲ್ಲಿಯೋ ಹಿತ್ತಲಿನಲ್ಲಿಯೋ ಕೂಡಿಸುವರು. ತೊಟ್ಟಿಲ ಕೂಸಿನದನ್ನು ತಿಪ್ಪೆಗೆ ಎಸೆಯುವರು. ಆದರೆ ಹುಳುಗಳು ಮಕ್ಕಳಲ್ಲಿಯೇ ಹೆಚ್ಚು. ತತ್ತಿಗಳೂ ಅವರ ಮಲದಲ್ಲಿಯೇ ಹೆಚ್ಚು. ಹಿತ್ತಲಿನಲ್ಲಿ ಆಡುವವರೂ ಅದೇ ಮಕ್ಕಳು. ಆದುದರಿಂದ ಎಷ್ಟು ಸಣ್ಣ ಕೂಸಿನ ಮಲವಾದರೂ ಶೌಚಾಲಯಕ್ಕೇ ಸೇರಬೇಕು. ಪತ್ರ ಬರೆದ ತಾಯಿಯವರು ಮೊದಲು ಈ ಒಂದನ್ನು ವಿಚಾರಿಸಿ ನೋಡಲಿ.

ಎರಡನೆಯದಾಗಿ, ಶೌಚಾಲಯವು ಇದ್ದರೆ ಸಾಲದು. ಮನೆಯವರೆಲ್ಲರೂ ಮಳೆ ಬಿಸಿಲೆನ್ನದೆ ಅದನ್ನೇ ಬಳಸಬೇಕು. ಎರ‍ಡು ಗುಂಡಿಗಳ ಶೌಚಾಲಯದಲ್ಲಿ ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಎರಡು ವರ್ಷ ಹಾಗೆಯೇ ಬಿಡಬೇಕು. ದುಂಡುಹುಳುವಿನ ತತ್ತಿಯು ನೆಲದಲ್ಲಿ ಬಹುಕಾಲ ಬಾಳುವದರಿಂದ, ಹೊಲಸನ್ನು ಹಸಿಯಾಗಿಯೇ ಹೊಲಕ್ಕೆ ಹಾಕಿದರೆ ರೋಗವನ್ನು ಬಿತ್ತಿದಂತಾಗುವದು.

ಮೂರನೆಯದಾಗಿ, ಹಸಿಯಾಗಿ ತಿನ್ನುವ ಪಲ್ಲೆ. ಬಿಸಿ ರೊಟ್ಟಿಯೊಡನೆ ಹಕ್ಕರಕಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಸವತಿಕಾಯಿ ಇವು ನಮ್ಮ ಸೀಮೆಯ ಭೂಷಣ. ಇವನ್ನು ಬಿಡಿರೆಂದು ಹೇಳುವದು ನನ್ನ ಉದ್ದೇಶವಲ್ಲ. ಹೊಲದ ಬದುವಿನಿಂದ ಕಿತ್ತ ಹಕ್ಕರಕಿಯನ್ನು ಸೀರೆಯ ಸೆರಗಿನಿಂದ ಒರೆಸಿ ತಿನ್ನದೆ, ಎಲೆ ಎಲೆಯಾಗಿ ಬಿಡಿಸಿ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಈ ತತ್ತಿಗಳು ಅಂಟುವ ಸ್ವಭಾವದವು. ಒಮ್ಮೆ ಅದ್ದಿ ತೆಗೆದರೆ ಹೋಗಲಾರವು. ಗಡ್ಡೆಗಳ ಸಿಪ್ಪೆಯನ್ನು ತೆಗೆಯಬೇಕು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಕೈ ತೊಳೆಯಲೂ ಪಲ್ಲೆ ತೊಳೆಯಲೂ ಒಂದು ಕೊಡ ನೀರನ್ನು ಹೆಚ್ಚಾಗಿ ಒಯ್ಯುವದು ಭಾರವಲ್ಲ.

ನಾಲ್ಕನೆಯದಾಗಿ, ಕೈ ಮತ್ತು ಕಾಲು. ಶೌಚದ ತರುವಾಯ, ಕೂಸಿನ ಮಲ ತೆಗೆದ ತರುವಾಯ, ಅಡಿಗೆಗೆ ಮೊದಲು, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಮಣ್ಣಿನಿಂದ ಕೈ ತಿಕ್ಕುವ ಹಳೆಯ ರೂಢಿಯನ್ನು ಬಿಡಬೇಕು. ತತ್ತಿಯಿರುವದು ಮಣ್ಣಿನಲ್ಲಿಯೇ ಅಲ್ಲವೆ? ಮಕ್ಕಳ ಉಗುರನ್ನು ವಾರಕ್ಕೊಮ್ಮೆ ಕತ್ತರಿಸಬೇಕು. ಹಸಿ ಹೊಲಕ್ಕೂ ಬಯಲಿಗೂ ಹೋಗುವವರ ಕಾಲಲ್ಲಿ ಮೆಟ್ಟು ಇರಬೇಕು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಮೆಟ್ಟು ಕೊಡಿಸುವದು ಒಡವೆ ಕೊಡಿಸುವದಕ್ಕಿಂತ ಮೊದಲಿನ ಕರ್ತವ್ಯವೆಂದು ಯಜಮಾನರು ತಿಳಿಯಬೇಕು. ಮನೆಯಲ್ಲಿ ಸೂಜಿಹುಳುವಿದ್ದರೆ ಬೆಳಿಗ್ಗೆ ಎದ್ದ ಕೂಡಲೆ ಮಗುವಿಗೆ ಸ್ನಾನ ಮಾಡಿಸಿ, ಚಡ್ಡಿಯನ್ನೂ ಹಾಸಿಗೆಯ ಬಟ್ಟೆಯನ್ನೂ ಝಾಡಿಸದೆ ಬಿಸಿನೀರಿನಲ್ಲಿ ಒಗೆಯಬೇಕು.

ಐದನೆಯದಾಗಿ, ನೀರು. ನಳದ ನೀರು ದಿನವೂ ಬಾರದ ಊರುಗಳಲ್ಲಿ ನೀರನ್ನು ತುಂಬಿಡದೆ ಗತಿಯಿಲ್ಲ. ತುಂಬಿದ ಪಾತ್ರೆಗೆ ಮುಚ್ಚಳವಿರಲಿ. ಕೈ ಅದ್ದಿ ತಂಬಿಗೆ ಮುಳುಗಿಸದೆ, ಹಿಡಿಕೆಯ ಸೌಟಿನಿಂದಲೋ ನಲ್ಲಿಯಿಂದಲೋ ತೆಗೆಯಲಿ. ಕುಡಿಯುವ ನೀರನ್ನು ಕಳಕಳನೆ ಕುದಿಸಿ ಆರಿಸಿದರೆ ಹುಳುವಿನ ತತ್ತಿಯೂ ಅಮೀಬಾದಂಥ ಜೀವಿಗಳೂ ಸಾಯುವವು.

ಈ ಐದರಲ್ಲಿ ಒಂದಕ್ಕೂ ಹೆಚ್ಚು ಹಣ ಬೇಡ. ಆದರೆ ಎಲ್ಲರೂ ಕೂಡಿ ಮಾಡಬೇಕು. ಒಂದು ಮನೆಯ ಹಿತ್ತಲಿನ ಹೊಲಸು ಇನ್ನೊಂದು ಮನೆಯ ಮಗುವಿನ ಹೊಟ್ಟೆಗೆ ಹೋಗುವದು. ನಿಮ್ಮ ಮಗುವಿಗೆ ಗುಳಿಗೆ ಕೊಡಿಸಿದ ದಿನವೇ ನೆರೆಮನೆಯ ಶಾಲೆ ಬಿಟ್ಟ ಮಗುವಿಗೂ ಅಂಗನವಾಡಿಯಲ್ಲಿ ಗುಳಿಗೆ ಸಿಕ್ಕಿತೋ ಇಲ್ಲವೋ ಎಂದು ಕೇಳಿರಿ. ಸರಕಾರದ ಗುಳಿಗೆಯ ದಿನಗಳು ವರ್ಷಕ್ಕೆ ಎರಡು. ಉಳಿದ ೩೬೩ ದಿನಗಳ ಕೆಲಸವು ನಮ್ಮದು.

ಹುಳುಗಳಿಂದ ರಕ್ತವನ್ನು ಕಳೆದುಕೊಂಡ ಮಕ್ಕಳಿಗೂ ತಾಯಂದಿರಿಗೂ ಯಾವ ಆಹಾರವು ಹಿತವೆಂಬುದನ್ನು ಮುಂದಿನ ತಿಂಗಳಲ್ಲಿ ವಿಚಾರಿಸೋಣ.